ಸರ್ಟಿಫಿಕೇಟಿಗೂ ಪುರಾವೆ ಕೇಳಿ

ಗುಣಮಟ್ಟದ ಆಡಿಟ್ ಮಾಡುವವರಿಗೆ ಒಂದು ಅಭ್ಯಾಸ ಅಂಟಿಕೊಂಡುಬಿಡುತ್ತದೆ. ಎದುರಿನವರು "ಅದೆಲ್ಲ ಸರಿಯಾಗೇ ಮಾಡ್ತೀವಿ" ಎಂದ ಕೂಡಲೇ ಬಾಯಿಂದ ಬರುವ ಮಾತು ಒಂದೇ: "ತೋರಿಸಿ." ದಾಖಲೆ ತೋರಿಸಿ, ಅಳತೆ ತೋರಿಸಿ, ಆ ಕೆಲಸ ಮಾಡುವವರ ಹತ್ತಿರ ಕರೆದುಕೊಂಡು ಹೋಗಿ. ಇಷ್ಟು ಕಟ್ಟುನಿಟ್ಟಾಗಿರುವ ನಾವು ನಮ್ಮದೇ ವೃತ್ತಿಯ ಸರ್ಟಿಫಿಕೇಟಿನ ವಿಷಯ ಬಂದಾಗ ಮಾತ್ರ ಏನನ್ನೂ ಕೇಳದೆ ಫೀಸು ಕಟ್ಟಿಬಿಡುತ್ತೇವೆ. ನಾನೂ ಹಾಗೇ ಕಟ್ಟಿದವನು. ಎರಡು ದಿನದ ತರಗತಿ, ಕೊನೆಗೆ ಚೆಂದದ ಒಂದು ಕಾಗದ. ಮುಂದೊಂದು ಸಂದರ್ಶನದಲ್ಲಿ ಅದನ್ನು ಕೈಗೆತ್ತಿಕೊಂಡ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು: "ಇದು ನೀವು ಕ್ಲಾಸಿಗೆ ಹೋಗಿದ್ದಕ್ಕೆ ಕೊಟ್ಟದ್ದೋ, ನಿಮಗೆ ಕೆಲಸ ಬರುತ್ತೆ ಅನ್ನೋದಕ್ಕೆ ಕೊಟ್ಟದ್ದೋ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಗುಣಮಟ್ಟ ನಿರ್ವಹಣೆಯಲ್ಲಿ ವೃತ್ತಿಪರ ಪರೀಕ್ಷೆ ಬರೆಯಬೇಕು ಎಂದುಕೊಂಡಿರುವ ಎಲ್ಲರಿಗೂ ಮೊದಲು ಆ ಪ್ರಶ್ನೆಯನ್ನೇ ದಾಟಿಸಬೇಕೆನಿಸುತ್ತದೆ. ಈ ಕಾಗದ ಯಾವುದಕ್ಕೆ ಸಾಕ್ಷಿ? ಸಾಕ್ಷಿ ಹೇಳುತ್ತಿರುವವರು ಯಾರು?

ಒಂದೇ ಹೆಸರಿನ ಮೂರು ಕಾಗದ

ಮೂರು ಬೇರೆ ಬೇರೆ ವಸ್ತುಗಳನ್ನು ನಾವು 'ಸರ್ಟಿಫಿಕೇಟ್' ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಮೊದಲನೆಯದು ಸಂಸ್ಥೆಗೆ ಸಿಗುವ ಐಎಸ್‌ಒ 9001, ಅಂದರೆ ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡಿನ ಸರ್ಟಿಫಿಕೇಟ್. 1987ರಲ್ಲಿ ಮೊದಲು ಪ್ರಕಟವಾಗಿ 1994, 2000, 2008, 2015ರಲ್ಲಿ ಪರಿಷ್ಕೃತವಾದ ಈ ಸ್ಟ್ಯಾಂಡರ್ಡ್ ಅಳೆಯುವುದು ಸಂಸ್ಥೆಯ ವ್ಯವಸ್ಥೆಯನ್ನು, ವ್ಯಕ್ತಿಯನ್ನಲ್ಲ. ಹಾಗಾಗಿ ಬಯೋಡೇಟಾದಲ್ಲಿ 'ನಾನು ಐಎಸ್‌ಒ 9001 ಸರ್ಟಿಫೈಡ್' ಎಂದು ಬರೆದರೆ ಆ ವಾಕ್ಯಕ್ಕೆ ಅರ್ಥವೇ ಇರುವುದಿಲ್ಲ. ಐಎಸ್‌ಒ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಸ್ಟ್ಯಾಂಡರ್ಡ್ ಬರೆದು ಪ್ರಕಟಿಸುತ್ತದೆ, ಅಷ್ಟೇ. ಸಂಸ್ಥೆಗಳನ್ನು ಆಡಿಟ್ ಮಾಡಿ ಸರ್ಟಿಫಿಕೇಟ್ ಕೊಡುವವರು ಬೇರೆಯವರು.

ಎರಡನೆಯದು ತರಬೇತಿ ಮುಗಿಸಿದ್ದಕ್ಕೆ ಕೊಡುವ ಕಾಗದ. ಇಂಥವರು ಇಷ್ಟು ಗಂಟೆ ಕೂತಿದ್ದರು, ಕೊನೆಯಲ್ಲಿ ಒಂದು ಸಣ್ಣ ಪರೀಕ್ಷೆ ಬರೆದರು ಎಂದಷ್ಟೇ ಅದು ಹೇಳುತ್ತದೆ. ಅದಕ್ಕೂ ಬೆಲೆಯಿದೆ, ಅದು ಹೇಳಿದಷ್ಟಕ್ಕೆ ಮಾತ್ರ.

ಮೂರನೆಯದೇ ವೃತ್ತಿಪರ ಪ್ರಮಾಣೀಕರಣ. ಇಲ್ಲಿ ನಿಮಗೆ ಪಾಠ ಹೇಳದ ಮೂರನೆಯವರೊಬ್ಬರು ನಿಮ್ಮ ಅನುಭವವನ್ನು ಪರಿಶೀಲಿಸುತ್ತಾರೆ, ಪರೀಕ್ಷೆ ಇಡುತ್ತಾರೆ, ವೃತ್ತಿಯ ನೀತಿಸಂಹಿತೆಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಹೆಚ್ಚಿನ ಪ್ರಮಾಣೀಕರಣಗಳಿಗೆ ಅವಧಿಯೂ ಇರುತ್ತದೆ, ನೀತಿ ಮೀರಿದರೆ ವಾಪಸ್ ಪಡೆಯುವ ಅಧಿಕಾರವೂ ಇರುತ್ತದೆ. ವ್ಯಕ್ತಿಗಳನ್ನು ಪ್ರಮಾಣೀಕರಿಸುವವರು ಹೇಗೆ ನಡೆದುಕೊಳ್ಳಬೇಕು ಎನ್ನುವುದಕ್ಕೇ ಐಎಸ್‌ಒ/ಐಇಸಿ 17024 ಎಂಬ ಪ್ರತ್ಯೇಕ ಸ್ಟ್ಯಾಂಡರ್ಡ್ ಇದೆ. ಅದರ 2012ರ ಆವೃತ್ತಿಯಲ್ಲಿ ನನಗೆ ತುಂಬಾ ಮುಖ್ಯ ಎನಿಸುವ ಮಾತೊಂದಿದೆ: ತರಬೇತಿ ಕೊಡುವವರೂ ಪ್ರಮಾಣೀಕರಿಸುವವರೂ ಒಂದೇ ಕಾನೂನುಬದ್ಧ ಸಂಸ್ಥೆಯಾದರೆ ಅದು ನಿಷ್ಪಕ್ಷಪಾತಕ್ಕೆ ಅಪಾಯ. ಕಾರಣ ಸರಳ. ಪಾಠ ಹೇಳಿದವರಿಗೆ ತಮ್ಮ ವಿದ್ಯಾರ್ಥಿ ಪಾಸಾಗಲಿ ಎಂಬ ಆಸೆ ಇದ್ದೇ ಇರುತ್ತದೆ. ಅಚ್ಚು ಹಾಕಿದವರೇ ತಮ್ಮ ಭಾಗವನ್ನು ಅಳೆದು 'ಓಕೆ' ಸೀಲು ಒತ್ತಿದರೆ ನಾವು ಒಪ್ಪುತ್ತೇವೆಯೇ? ಇಲ್ಲೂ ಅದೇ ಲೆಕ್ಕ. ಎರಡನ್ನೂ ಒಬ್ಬರೇ ಮಾಡುತ್ತಿದ್ದರೆ, ಎರಡರ ನಡುವೆ ಯಾವ ಗೋಡೆ ಕಟ್ಟಿದ್ದೀರಿ ಎಂದು ಕೇಳುವ ಹಕ್ಕು ನಿಮಗಿದೆ.

ಈ ಗೊಂದಲ ಅತಿ ಹೆಚ್ಚು ಇರುವುದು ಸಿಕ್ಸ್ ಸಿಗ್ಮಾದಲ್ಲಿ, ಅಂದರೆ ಪ್ರಕ್ರಿಯೆಯ ಏರಿಳಿತವನ್ನೂ ದೋಷಗಳನ್ನೂ ತಗ್ಗಿಸುವ ವಿಧಾನದಲ್ಲಿ. 1986ರಲ್ಲಿ ಅಮೆರಿಕದ ಮೊಟೊರೊಲಾ ಕಂಪನಿಯಲ್ಲಿ ಎಂಜಿನಿಯರ್ ಬಿಲ್ ಸ್ಮಿತ್ ರೂಪಿಸಿದ ಈ ವಿಧಾನಕ್ಕೆ ಯಾರೂ ಒಡೆಯರಿಲ್ಲ. ಅದರಲ್ಲಿ ಅರ್ಹತೆಯ ಹಂತಗಳಿಗೆ ಕರಾಟೆಯ ಹಾಗೆ ಬೆಲ್ಟ್ ಎಂದು ಹೆಸರು, ಆ ಬೆಲ್ಟ್ ಕೊಡಲು ಯಾರ ಅನುಮತಿಯೂ ಬೇಕಿಲ್ಲ. ವಾರಾಂತ್ಯದ ತರಗತಿ ಮುಗಿಸಿದವರೂ ಬ್ಲ್ಯಾಕ್ ಬೆಲ್ಟ್, ವರ್ಷಗಟ್ಟಲೆ ಪ್ರಾಜೆಕ್ಟ್ ಮಾಡಿದವರೂ ಬ್ಲ್ಯಾಕ್ ಬೆಲ್ಟ್. ಎಎಸ್‌ಕ್ಯೂ, ಅಂದರೆ 1946ರಲ್ಲಿ ಶುರುವಾದ ಅಮೆರಿಕನ್ ಸೊಸೈಟಿ ಫಾರ್ ಕ್ವಾಲಿಟಿ, ತನ್ನ ಬ್ಲ್ಯಾಕ್ ಬೆಲ್ಟ್ ಪರೀಕ್ಷೆಗೆ ಕೂರಲು ಮುಗಿಸಿದ ಎರಡು ಪ್ರಾಜೆಕ್ಟುಗಳಿಗೆ ಸಹಿ ಮಾಡಿದ ಪ್ರಮಾಣ ಕೇಳುತ್ತದೆ. ಇಲ್ಲವೇ ಒಂದು ಪ್ರಾಜೆಕ್ಟಿನ ಜೊತೆ ಮೂರು ವರ್ಷದ ಅನುಭವ. ಹೆಸರು ಒಂದೇ ಆದರೂ ಎರಡು ಕಾಗದಗಳ ಹಿಂದಿರುವ ಪುರಾವೆಗೆ ಅಜಗಜಾಂತರ.

ಲೀಡ್ ಆಡಿಟರ್, ಅಂದರೆ ಆಡಿಟ್ ತಂಡವನ್ನು ನಡೆಸುವವರ ವಿಷಯದಲ್ಲೂ ಇಂಥದೇ ತಪ್ಪು ತಿಳಿವಳಿಕೆ ಇದೆ. ಬ್ರಿಟನ್ನಿನ ಚಾರ್ಟರ್ಡ್ ಕ್ವಾಲಿಟಿ ಇನ್‌ಸ್ಟಿಟ್ಯೂಟಿನಲ್ಲಿ ಆಡಿಟರುಗಳನ್ನು ನೋಂದಾಯಿಸುವ ವಿಭಾಗವಾದ ಐಆರ್‌ಸಿಎ ಮಾನ್ಯ ಮಾಡಿದ ಲೀಡ್ ಆಡಿಟರ್ ಕೋರ್ಸ್ ಸಾಮಾನ್ಯವಾಗಿ ಐದು ದಿನ, 40 ಗಂಟೆಯದು. ಅದು ಒಳ್ಳೆಯ ಕೋರ್ಸೇ. ಆದರೆ ಅದನ್ನು ಪಾಸು ಮಾಡಿದ ಮಾತ್ರಕ್ಕೆ ನೀವು ನೋಂದಾಯಿತ ಆಡಿಟರ್ ಆಗುವುದಿಲ್ಲ. ಅದಕ್ಕೆ ನಿಜವಾದ ಆಡಿಟ್‌ಗಳನ್ನು ಮಾಡಿರುವ ದಾಖಲೆ ಬೇಕು, ಪ್ರತ್ಯೇಕ ಅರ್ಜಿ ಬೇಕು.

ಯಾವುದನ್ನು ಆರಿಸುವುದು

ಇದನ್ನು ಬಹಳ ಜನ ಉಲ್ಟಾ ಮಾಡುತ್ತಾರೆ. ಮೊದಲು ಯಾವ ಸರ್ಟಿಫಿಕೇಟಿಗೆ ಹೆಸರಿದೆ ಎಂದು ಹುಡುಕುತ್ತಾರೆ, ಆಮೇಲೆ ಅದು ತಮ್ಮ ಕೆಲಸಕ್ಕೆ ಹೊಂದುತ್ತದೆಯೇ ಎಂದು ನೋಡುತ್ತಾರೆ. ಕಳೆದ ಆರು ತಿಂಗಳು ನಿಮ್ಮ ಸಮಯ ಎಲ್ಲಿ ಹೋಯಿತು ಎಂದು ಕಾಗದದ ಮೇಲೆ ಬರೆದು ನೋಡಿ. ಅಳತೆ, ಸ್ಯಾಂಪ್ಲಿಂಗ್, ಚಾರ್ಟು, ರಿಜೆಕ್ಷನ್ನಿನ ಮೂಲ ಹುಡುಕಾಟ ಎಂದಿದ್ದರೆ ನಿಮ್ಮ ದಾರಿ ಕ್ವಾಲಿಟಿ ಎಂಜಿನಿಯರ್ ಕಡೆಗೆ. ಸಪ್ಲೈಯರ್ ಭೇಟಿ, ಇಂಟರ್ನಲ್ ಆಡಿಟ್, ವರದಿ ಎಂದಿದ್ದರೆ ಆಡಿಟರ್ ಕಡೆಗೆ. ಜನರನ್ನೂ ಬಜೆಟ್ಟನ್ನೂ ಗುರಿಗಳನ್ನೂ ನಡೆಸುತ್ತಿದ್ದರೆ ಮ್ಯಾನೇಜರ್ ಮಟ್ಟದ್ದು. ಈಗತಾನೇ ಕೆಲಸಕ್ಕೆ ಸೇರಿದವರಿಗೆ ಅನುಭವ ಹೆಚ್ಚು ಕೇಳದ ಪ್ರವೇಶ ಹಂತದ ಪರೀಕ್ಷೆಗಳೂ ಇವೆ. ಅವುಗಳಿಂದ ಶುರು ಮಾಡುವುದರಲ್ಲಿ ಯಾವ ಕೀಳೂ ಇಲ್ಲ.

ಅನುಭವದ ಷರತ್ತನ್ನು ಅಕ್ಷರ ಬಿಡದೆ ಓದಿ. ಎಎಸ್‌ಕ್ಯೂನ ಸರ್ಟಿಫೈಡ್ ಕ್ವಾಲಿಟಿ ಎಂಜಿನಿಯರ್‌ಗೆ ಎಂಟು ವರ್ಷದ ಅನುಭವ ಬೇಕು, ಅದರಲ್ಲಿ ಮೂರು ವರ್ಷ ನಿರ್ಧಾರ ತೆಗೆದುಕೊಳ್ಳುವ ಸ್ಥಾನದಲ್ಲಿ ಇದ್ದಿರಬೇಕು. ಪದವಿ ಇದ್ದರೆ ಎಂಟರಲ್ಲಿ ನಾಲ್ಕು ವರ್ಷ ಮನ್ನಾ, ಸ್ನಾತಕೋತ್ತರ ಪದವಿಗೆ ಐದು. ಇಲ್ಲಿ 'ನಿರ್ಧಾರ' ಎಂದರೆ ಪದನಾಮವಲ್ಲ. ಒಂದು ಪ್ರಕ್ರಿಯೆಯನ್ನು ಹೇಗೆ ನಡೆಸಬೇಕು ಎಂದು ನಿಗದಿ ಮಾಡುವ, ನಿಯಂತ್ರಿಸುವ ಅಧಿಕಾರ ನಿಮಗಿತ್ತೇ ಎನ್ನುವುದು ಪ್ರಶ್ನೆ. ಹೆಸರಿನ ಮುಂದೆ ಮ್ಯಾನೇಜರ್ ಎಂದಿಲ್ಲದವರೂ ಲೈನ್ ನಿಲ್ಲಿಸುವ ಅಧಿಕಾರ ಇಟ್ಟುಕೊಂಡಿರುತ್ತಾರೆ. ಅಂಥವರು ಅದನ್ನು ಅರ್ಜಿಯಲ್ಲಿ ಬಿಡಿಸಿ ಬರೆಯಬೇಕು.

ಪಠ್ಯಕ್ರಮವೇ ನಕ್ಷೆ

ತರಬೇತಿ ಹುಡುಕುವ ಮೊದಲು ಕೈಗೆ ಬರಬೇಕಾದದ್ದು 'ಬಾಡಿ ಆಫ್ ನಾಲೆಡ್ಜ್'. ಪರೀಕ್ಷೆಯಲ್ಲಿ ಏನೇನು ಬರಬಹುದು ಎಂಬ ಅಧಿಕೃತ ಪಟ್ಟಿ ಅದು. ಅದನ್ನು ಪರೀಕ್ಷೆ ನಡೆಸುವವರೇ ಪ್ರಕಟಿಸುತ್ತಾರೆ, ಪುಕ್ಕಟೆಯಾಗಿ ಸಿಗುತ್ತದೆ. ಹೆಚ್ಚಿನವರು ಅದನ್ನು ಪರಿವಿಡಿಯ ಹಾಗೆ ಕಣ್ಣಾಡಿಸಿ ಮುಚ್ಚಿಡುತ್ತಾರೆ. ಅದರಲ್ಲಿ ಎರಡು ಸಂಗತಿ ಅಡಗಿವೆ. ಒಂದು, ಪ್ರತಿ ವಿಭಾಗದಿಂದ ಎಷ್ಟು ಪ್ರಶ್ನೆ ಎಂಬ ಲೆಕ್ಕ. ಕ್ವಾಲಿಟಿ ಎಂಜಿನಿಯರ್ ಪರೀಕ್ಷೆಯಲ್ಲಿ ಸಂಖ್ಯಾಶಾಸ್ತ್ರದ ವಿಭಾಗಕ್ಕೇ ಹೆಚ್ಚಿನ ತೂಕ. ಲೆಕ್ಕಕ್ಕೆ ಹೆದರಿ ಅದನ್ನು ಕೊನೆಗೆ ತಳ್ಳುವವರು ಈ ಅಂಕಿ ನೋಡಿದ್ದರೆ ಹಾಗೆ ಮಾಡುತ್ತಿರಲಿಲ್ಲ.

ಎರಡನೆಯದು ಇನ್ನೂ ಮುಖ್ಯ. ಎಎಸ್‌ಕ್ಯೂ ಪಟ್ಟಿಯಲ್ಲಿ ಪ್ರತಿ ವಿಷಯದ ಪಕ್ಕ ಒಂದು ಕ್ರಿಯಾಪದ ಇರುತ್ತದೆ: ನೆನಪಿಡು, ಅರ್ಥ ಮಾಡಿಕೊ, ಅನ್ವಯಿಸು, ವಿಶ್ಲೇಷಿಸು, ಮೌಲ್ಯಮಾಪನ ಮಾಡು, ರಚಿಸು. ಆ ವಿಷಯದಲ್ಲಿ ಪ್ರಶ್ನೆ ಎಷ್ಟು ಆಳಕ್ಕೆ ಹೋಗಬಹುದು ಎಂಬ ಸೂಚನೆ ಇದು. 'ಅರ್ಥ ಮಾಡಿಕೊ' ಎಂದಿರುವಲ್ಲಿ ಸೂತ್ರ ಸಾಧಿಸುತ್ತ ವಾರ ಕಳೆಯಬೇಕಿಲ್ಲ. 'ಮೌಲ್ಯಮಾಪನ' ಎಂದಿರುವಲ್ಲಿ ವ್ಯಾಖ್ಯೆ ಬಾಯಿಪಾಠ ಮಾಡಿದರೆ ಏನೂ ಸಾಲದು. ಪಟ್ಟಿಯನ್ನು ಮುದ್ರಿಸಿಕೊಂಡು ಪ್ರತಿ ಸಾಲಿನ ಮುಂದೆ ಗುರುತು ಹಾಕಿ. ಖಾಲಿ ಹಾಳೆಯ ಮೇಲೆ ಬೇರೆಯವರಿಗೆ ವಿವರಿಸಬಲ್ಲೆ ಎಂದರೆ ಒಂದು ಗುರುತು, ಪುಸ್ತಕ ನೋಡಿದರೆ ಹೊಳೆಯುತ್ತದೆ ಎಂದರೆ ಇನ್ನೊಂದು, ಹೆಸರೇ ಕೇಳಿಲ್ಲ ಎಂದರೆ ಮತ್ತೊಂದು. ನಡುವಿನ ಗುರುತೇ ಜಾಸ್ತಿ ಬೀಳುತ್ತದೆ, ಅಪಾಯವೂ ಅಲ್ಲೇ ಇದೆ. ಹೆಸರೇ ಕೇಳದ್ದನ್ನು ನಾವು ಹೇಗೂ ಓದುತ್ತೇವೆ. ಅರ್ಧ ಗೊತ್ತಿರುವುದನ್ನು ಗೊತ್ತಿದೆ ಎಂದುಕೊಂಡೇ ಪರೀಕ್ಷಾ ಕೋಣೆಗೆ ಹೋಗುತ್ತೇವೆ.

ತರಬೇತಿಯನ್ನು ಆರಿಸುವಾಗ

ಗುರುತು ಹಾಕಿದ ಆ ಪಟ್ಟಿ ಕೈಯಲ್ಲಿದ್ದರೆ ತರಬೇತಿಯವರ ಜೊತೆ ಮಾತು ಸುಲಭ. ಅವರ ವೇಳಾಪಟ್ಟಿಯನ್ನು ಗಂಟೆಗಳ ಲೆಕ್ಕದಲ್ಲಿ ಕೇಳಿ ಪಡೆದು, ಪರೀಕ್ಷೆಯ ಪ್ರಶ್ನೆಗಳ ತೂಕದ ಪಕ್ಕ ಇಟ್ಟು ನೋಡಿ. ಪರೀಕ್ಷೆಯಲ್ಲಿ ಅತಿ ದೊಡ್ಡ ವಿಭಾಗಕ್ಕೆ ಕೊನೆಯ ದಿನದ ಮಧ್ಯಾಹ್ನ ಮಾತ್ರ ಕೊಟ್ಟು, ಗುಣಮಟ್ಟದ ಇತಿಹಾಸಕ್ಕೆ ಒಂದಿಡೀ ದಿನ ಇಟ್ಟಿದ್ದರೆ ಆ ತರಬೇತಿ ಪರೀಕ್ಷೆಯನ್ನು ನೋಡಿ ಮಾಡಿದ್ದಲ್ಲ. ಯಾವ ಆವೃತ್ತಿಯ ಪಠ್ಯಕ್ರಮ ಎಂದೂ ಕೇಳಿ. ಇವು ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತವೆ, ಹಳೆಯ ಸ್ಲೈಡುಗಳು ಮಾತ್ರ ಬದಲಾಗದೆ ಉಳಿದಿರುತ್ತವೆ.

ಕಲಿಸುವವರು ಯಾರು ಎನ್ನುವುದನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಅವರು ಸ್ವತಃ ಎನ್‌ಸಿ (ನಾನ್‌ಕನ್‌ಫಾರ್ಮಿಟಿ, ಅಂದರೆ ನಿಯಮಕ್ಕೆ ಹೊಂದದ್ದನ್ನು ದಾಖಲಿಸುವ ಟಿಪ್ಪಣಿ) ಬರೆದಿದ್ದಾರೆಯೇ, ಶಾಪ್ ಫ್ಲೋರಿನಲ್ಲಿ ನಿಂತು ಚಾರ್ಟು ಎಳೆದಿದ್ದಾರೆಯೇ? ಸಾಧ್ಯವಾದರೆ ಒಂದು ಗಂಟೆ ಅವರ ತರಗತಿಯಲ್ಲಿ ಕೂತು, ನಿಮಗೆ ಕಷ್ಟವಾದ ಒಂದು ಪ್ರಶ್ನೆ ಕೇಳಿ. ಉತ್ತರ ಯಾವುದು ಎಂದು ಹೇಳುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಉಳಿದ ಮೂರು ಆಯ್ಕೆ ಯಾಕೆ ತಪ್ಪು ಎಂದು ಬಿಡಿಸಿ ಹೇಳುವವರು ಸಿಕ್ಕರೆ ಅವರ ಹತ್ತಿರವೇ ಸೇರಿಕೊಳ್ಳಿ. ನೀವು ಬರೆದದ್ದನ್ನು ತಿದ್ದಿ ವಾಪಸ್ ಕೊಡುತ್ತಾರೆಯೇ ಎಂದೂ ವಿಚಾರಿಸಿ. ತಿದ್ದುಪಡಿ ಇಲ್ಲದ ತರಬೇತಿಗೂ ವಿಡಿಯೊ ನೋಡುವುದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

'ನೂರಕ್ಕೆ ನೂರು ಪಾಸ್ ಗ್ಯಾರಂಟಿ' ಎಂದವರ ಹತ್ತಿರ ಹೋಗಬೇಡಿ. ನಿಜವಾದ ಪರೀಕ್ಷೆಯಿಂದ ಎತ್ತಿ ತಂದ ಪ್ರಶ್ನೆಗಳು ನಮ್ಮಲ್ಲಿವೆ ಎನ್ನುವವರನ್ನು ಇನ್ನೂ ದೂರ ಇಡಿ. ಪರೀಕ್ಷೆಯ ಪ್ರಶ್ನೆಗಳು ಗೋಪ್ಯ. ಅವನ್ನು ಹಂಚುವುದೂ ಬಳಸುವುದೂ ನೀತಿಸಂಹಿತೆಯ ಉಲ್ಲಂಘನೆ. ಪ್ರಾಮಾಣಿಕತೆಯೇ ಬಂಡವಾಳವಾದ ವೃತ್ತಿಗೆ ಕಳ್ಳದಾರಿಯಿಂದ ಕಾಲಿಡುವುದು ನನಗೆ ನಿಜಕ್ಕೂ ನೋವು ತರುವ ಸಂಗತಿ.

ಎಲ್ಲರಿಗೂ ತರಗತಿ ಬೇಕೆಂದೇನೂ ಇಲ್ಲ. ಪಟ್ಟಿಯಲ್ಲಿ ನಿಮ್ಮ ಖಾಲಿ ಜಾಗ ಎಲ್ಲಿದೆಯೋ ಅಷ್ಟಕ್ಕೆ ಮಾತ್ರ ದುಡ್ಡು ಕೊಡಿ. ಆಡಿಟ್ ಕಲಿಯುವವರಿಗೆ ಮಾತ್ರ ಎದುರುಬದುರು ಕೂತು ಮಾಡುವ ತರಬೇತಿಯೇ ಒಳ್ಳೆಯದು ಎನ್ನುತ್ತೇನೆ. ಎದುರಿನವರು ಸಿಟ್ಟಾದಾಗ, ಮಾತು ತಪ್ಪಿಸಿದಾಗ ಪ್ರಶ್ನೆಯನ್ನು ಹೇಗೆ ತಿರುಗಿಸಿ ಕೇಳಬೇಕು ಎನ್ನುವುದು ಪುಸ್ತಕದಿಂದ ಬರುವುದಿಲ್ಲ.

ಎರಡು ಪ್ರಶ್ನೆಗಳನ್ನು ಹತ್ತಿರದಿಂದ

ಇಂಥ ಪರೀಕ್ಷೆ ಅಳೆಯುವುದೇನು ಎಂದು ತಿಳಿಯಲು ಒಂದು ಲೆಕ್ಕ ನೋಡೋಣ. ಒಂದು ಶಾಫ್ಟಿನ ವ್ಯಾಸ 10.00 ಮಿ.ಮೀ., ಟಾಲರೆನ್ಸ್ 0.06 ಆಚೀಚೆ. ಅಂದರೆ 9.94ರಿಂದ 10.06ರವರೆಗೆ ಸರಿ. ಪ್ರಕ್ರಿಯೆಯ ಸರಾಸರಿ 10.02, ಸ್ಟ್ಯಾಂಡರ್ಡ್ ಡೀವಿಯೇಶನ್ (ಸಿಗ್ಮಾ), ಅಂದರೆ ಅಳತೆಗಳು ಸರಾಸರಿಯ ಸುತ್ತ ಚದುರುವ ಪ್ರಮಾಣ, 0.01. ಟಾಲರೆನ್ಸಿನ ಒಟ್ಟು ಅಗಲ 0.12, ಅದನ್ನು ಆರು ಸಿಗ್ಮಾದಿಂದ, ಅಂದರೆ 0.06ರಿಂದ ಭಾಗಿಸಿದರೆ ಪ್ರಕ್ರಿಯೆಯ ಸಾಮರ್ಥ್ಯ ಹೇಳುವ ಅಂಕಿ, ಸಿಪಿ, 2. ಚೆನ್ನಾಗಿದೆ. ಆದರೆ ಸರಾಸರಿ ನಡುವಿನಲ್ಲಿಲ್ಲ, ಮೇಲಕ್ಕೆ ಸರಿದಿದೆ. ಹತ್ತಿರದ ಮಿತಿಗೆ ಇರುವ ದೂರ 0.04, ಅದನ್ನು ಮೂರು ಸಿಗ್ಮಾದಿಂದ ಭಾಗಿಸಿದರೆ ಸಿಪಿಕೆ 1.33. ಸಿಪಿ ಹೇಳುವುದು ಗಾಡಿ ಎಷ್ಟು ಅಗಲ, ರಸ್ತೆ ಎಷ್ಟು ಅಗಲ ಎಂದು. ಸಿಪಿಕೆ ಹೇಳುವುದು ಗಾಡಿ ರಸ್ತೆಯ ಅಂಚಿಗೆ ಎಷ್ಟು ಹತ್ತಿರ ಓಡುತ್ತಿದೆ ಎಂದು.

ಇಲ್ಲಿಯವರೆಗೆ ಸೂತ್ರ ಗೊತ್ತಿದ್ದವರೆಲ್ಲ ಬರುತ್ತಾರೆ. ಈಗ ಪ್ರಶ್ನೆ ತಿರುಗುತ್ತದೆ. ಗಂಟೆಗೊಮ್ಮೆ ಐದು ಶಾಫ್ಟ್ ತೆಗೆದು ಸರಾಸರಿಯನ್ನು ಕಂಟ್ರೋಲ್ ಚಾರ್ಟಿನ, ಅಂದರೆ ಪ್ರಕ್ರಿಯೆ ಸ್ಥಿರವಾಗಿದೆಯೇ ಎಂದು ತೋರಿಸುವ ನಕ್ಷೆಯ, ಮೇಲೆ ಹಾಕುತ್ತಿದ್ದಾರೆ. ಈ ಗಂಟೆಯ ಐದು ಅಳತೆ: 10.03, 10.03, 10.04, 10.04, 10.035. ಸರಾಸರಿ 10.035. ಏನು ಮಾಡುವುದು? ಐದೂ 10.06ರ ಒಳಗಿವೆ, ಏನೂ ಮಾಡಬೇಕಿಲ್ಲ ಎನ್ನುವ ಉತ್ತರ ಆಯ್ಕೆಗಳಲ್ಲಿ ಇದ್ದೇ ಇರುತ್ತದೆ. ಆದರೆ ಐದರ ಸರಾಸರಿಯ ಏರಿಳಿತ ಒಂದೊಂದೇ ಶಾಫ್ಟಿನ ಏರಿಳಿತಕ್ಕಿಂತ ಕಡಿಮೆ: 0.01ನ್ನು ಐದರ ವರ್ಗಮೂಲದಿಂದ ಭಾಗಿಸಬೇಕು. ಅದರ ಮೂರು ಪಟ್ಟು ಸುಮಾರು 0.0134. ಹಾಗಾಗಿ ಚಾರ್ಟಿನ ಮೇಲಿನ ಕಂಟ್ರೋಲ್ ಮಿತಿ 10.0334. ನಮ್ಮ ಬಿಂದು ಅದನ್ನು ದಾಟಿದೆ. ಶಾಫ್ಟುಗಳು ಸರಿಯಾಗಿವೆ, ಪ್ರಕ್ರಿಯೆ ಸರಿಯಿಲ್ಲ. ಟೂಲ್ ಸವೆದಿರಬಹುದು, ಹೊಸ ಲಾಟಿನ ಕಚ್ಚಾವಸ್ತು ಬಂದಿರಬಹುದು, ಯಾರೋ ಸೆಟ್ಟಿಂಗ್ ಮುಟ್ಟಿರಬಹುದು. ಮಾಲನ್ನು ಕಳಿಸಬಹುದು, ಕಾರಣವನ್ನು ಹುಡುಕಲೇಬೇಕು. ಬದಲಾವಣೆ ಏನೂ ಆಗಿಲ್ಲದಿದ್ದರೆ ಬಿಂದುವೊಂದು ಮೂರು ಸಿಗ್ಮಾ ಮಿತಿಯ ಹೊರಗೆ ಬೀಳುವ ಸಂಭವ ಶೇ. 0.27 ಮಾತ್ರ. ಇದಲ್ಲದೆ, ಪ್ರಕ್ರಿಯೆ ಸ್ಥಿರವಾಗಿಲ್ಲ ಎಂದ ಮೇಲೆ ಮೊದಲು ಲೆಕ್ಕ ಹಾಕಿದ 1.33 ಕೂಡ ನಂಬಲು ಬಾರದ ಅಂಕಿ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ವಾಲ್ಟರ್ ಶೂಹಾರ್ಟ್ 1924ರ ಮೇ ತಿಂಗಳಲ್ಲಿ ಒಂದು ಪುಟದ ಟಿಪ್ಪಣಿಯಲ್ಲಿ ಮೊದಲ ಕಂಟ್ರೋಲ್ ಚಾರ್ಟ್ ಬರೆದು ಕೊಟ್ಟಾಗಿನಿಂದ ಇಂದಿನವರೆಗೆ ಹೊಸಬರು ಎಡವುವುದು ಇಲ್ಲೇ: ಸ್ಪೆಸಿಫಿಕೇಶನ್ ಮಿತಿ ಗಿರಾಕಿ ಹೇಳುವುದು, ಕಂಟ್ರೋಲ್ ಮಿತಿ ಪ್ರಕ್ರಿಯೆ ತಾನೇ ಹೇಳುವುದು.

ಇನ್ನೊಂದು, ಆಡಿಟ್ ಕಡೆಯದು. ತಪಾಸಣೆಯ ಮೇಜಿನ ಮೇಲೆ ಒಂದು ಮೈಕ್ರೋಮೀಟರ್. ಅದರ ಮೇಲಿನ ಸ್ಟಿಕ್ಕರಿನ ಪ್ರಕಾರ ಕ್ಯಾಲಿಬ್ರೇಷನ್ (ಉಪಕರಣ ಸರಿಯಾಗಿ ಅಳೆಯುತ್ತಿದೆಯೇ ಎಂಬ ಪರೀಕ್ಷೆ) ಆಗಬೇಕಿದ್ದ ದಿನ ಕಳೆದು ಹನ್ನೊಂದು ದಿನವಾಗಿದೆ. ಆಡಿಟರ್ ಮೊದಲು ಮಾಡಬೇಕಾದ್ದೇನು? 'ಎನ್‌ಸಿ ಬರೆಯುವುದು' ಎನ್ನುವುದು ಆತುರದ ಉತ್ತರ. 'ತಕ್ಷಣ ಕ್ಯಾಲಿಬ್ರೇಟ್ ಮಾಡಿಸಿ ಎನ್ನುವುದು' ಪರಿಹಾರ ಸೂಚಿಸುವ ಉತ್ತರ, ಅದು ಆಡಿಟರ್ ಕೆಲಸವಲ್ಲ. ಸರಿಯಾದದ್ದು ಕ್ಯಾಲಿಬ್ರೇಷನ್ ದಾಖಲೆಯನ್ನು ನೋಡುವುದು. ಕ್ಯಾಲಿಬ್ರೇಷನ್ ಆಗಿದ್ದು ಸ್ಟಿಕ್ಕರ್ ಮಾತ್ರ ಬದಲಾಗದೆ ಇರಬಹುದು, ಉಪಕರಣ ಬಳಕೆಯಲ್ಲೇ ಇಲ್ಲದಿರಬಹುದು. ದಾಖಲೆಯೂ ಇಲ್ಲ, ಬಳಸುತ್ತಲೂ ಇದ್ದಾರೆ ಎಂದು ಖಚಿತವಾದ ಮೇಲೆ ಎನ್‌ಸಿ. ಅದರಲ್ಲಿ ಮೂರು ಭಾಗ ಇರಬೇಕು: ಯಾವ ನಿಯಮ ಏನು ಕೇಳುತ್ತದೆ, ಏನು ಕಂಡಿತು, ಎರಡಕ್ಕೂ ಎಲ್ಲಿ ತಾಳೆಯಾಗುತ್ತಿಲ್ಲ. ಐಎಸ್‌ಒ 9001ರ 7.1.5.2ನೇ ಕಲಂ ಇಲ್ಲಿಗೇ ನಿಲ್ಲುವುದಿಲ್ಲ. ಉಪಕರಣ ಕೆಲಸಕ್ಕೆ ಯೋಗ್ಯವಾಗಿರಲಿಲ್ಲ ಎಂದು ಕಂಡುಬಂದರೆ, ಅದರಿಂದ ಹಿಂದೆ ತೆಗೆದ ಅಳತೆಗಳಿಗೆ ಧಕ್ಕೆಯಾಗಿದೆಯೇ ಎಂದೂ ಸಂಸ್ಥೆ ನೋಡಬೇಕು. ಪ್ರಶ್ನೆಯಲ್ಲಿ 'ಮೊದಲು' ಎಂಬ ಒಂದು ಪದ ಇರದಿದ್ದರೆ ಉತ್ತರ ಬೇರೆಯಾಗುತ್ತಿತ್ತು. ಆ ಪದಕ್ಕೆ ಅಡಿಗೆರೆ ಎಳೆಯುವ ಅಭ್ಯಾಸ ಮನೆಯಲ್ಲೇ ಆಗಬೇಕು.

ಓದುವ ರೀತಿ

ಇಂಥ ಪ್ರಶ್ನೆಗಳಿಗೆ ಪುಸ್ತಕವನ್ನು ಮತ್ತೆ ಮತ್ತೆ ಓದಿ ತಯಾರಾಗಲು ಬರುವುದಿಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. ಒಂದೇ ಪಾಠವನ್ನು ಕೆಲವರು ಎರಡು ಸಲ ಓದಿದರು. ಇನ್ನು ಕೆಲವರು ಒಮ್ಮೆ ಓದಿ, ಮುಚ್ಚಿಟ್ಟು, ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ವಾರದ ನಂತರ ಕೇಳಿದಾಗ ಅವರಿಗೆ ನೆನಪಿದ್ದದ್ದು ಸುಮಾರು ಶೇ. 42, ಮುಚ್ಚಿಟ್ಟು ಬರೆದವರಿಗೆ ಶೇ. 56. ಮತ್ತೆ ಓದುವಾಗ ಸಿಗುವ 'ಇದು ಗೊತ್ತು' ಎಂಬ ಸಮಾಧಾನವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ನನಗೆ ಹೆಚ್ಚು ಉಪಕಾರ ಮಾಡಿದ್ದು ತಪ್ಪುಗಳ ನೋಟ್‌ಬುಕ್. ತಪ್ಪಾದ ಪ್ರತಿ ಪ್ರಶ್ನೆಗೆ ಸರಿ ಉತ್ತರವನ್ನಲ್ಲ, ತಪ್ಪಿದ ಕಾರಣವನ್ನು ಬರೆದೆ: ವಿಷಯ ಗೊತ್ತಿರಲಿಲ್ಲವೇ, ಪ್ರಶ್ನೆ ಸರಿಯಾಗಿ ಓದಲಿಲ್ಲವೇ, ಲೆಕ್ಕ ಜಾರಿತೇ? ಒಂದು ತಿಂಗಳ ಪುಟಗಳನ್ನು ಎಣಿಸಿ, ಕಾರಣಗಳನ್ನು ಹೆಚ್ಚಿನಿಂದ ಕಡಿಮೆಗೆ ಕಂಬಗಳಾಗಿ ಜೋಡಿಸುವ ಪ್ಯಾರೆಟೊ ಚಾರ್ಟ್ ಎಳೆದಾಗ ಅತಿ ಎತ್ತರದ ಕಂಬ 'ಪ್ರಶ್ನೆ ಸರಿಯಾಗಿ ಓದಲಿಲ್ಲ' ಎಂಬುದಾಗಿತ್ತು. ಅದಕ್ಕೆ ಇನ್ನೊಂದು ಪುಸ್ತಕ ಮದ್ದಲ್ಲ ಎಂದು ಆಗ ತಿಳಿಯಿತು.

ಸಮಯದ ಲೆಕ್ಕವೂ ಮೊದಲೇ ಗೊತ್ತಿರಲಿ. ಎಎಸ್‌ಕ್ಯೂನ ಕ್ವಾಲಿಟಿ ಎಂಜಿನಿಯರ್ ಪರೀಕ್ಷೆಯಲ್ಲಿ ಕಂಪ್ಯೂಟರಿನ ಮುಂದೆ 175 ಪ್ರಶ್ನೆ, 5 ಗಂಟೆ 18 ನಿಮಿಷ. ಪ್ರಶ್ನೆಗೆ ಹೆಚ್ಚುಕಡಿಮೆ 109 ಸೆಕೆಂಡು. ಅವುಗಳಲ್ಲಿ 160ಕ್ಕೆ ಮಾತ್ರ ಅಂಕ. ಉಳಿದವು ಮುಂದಿನ ಪರೀಕ್ಷೆಗಳಿಗಾಗಿ ಇಟ್ಟು ನೋಡುವಂಥವು, ಯಾವುವು ಎಂದು ನಿಮಗೆ ಗೊತ್ತಾಗುವುದಿಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ಪುಸ್ತಕ ನೋಡಿ ಬರೆಯಬಹುದಾದ ಪರೀಕ್ಷೆ ಎಂದು ಕೇಳಿ ನಿಶ್ಚಿಂತರಾಗುವವರಿಗೆ ಈ 109 ಸೆಕೆಂಡನ್ನು ತೋರಿಸಬೇಕು. ಹುಡುಕುವುದರಲ್ಲೇ ಅದು ಮುಗಿದುಹೋಗುತ್ತದೆ. ಪುಸ್ತಕ ಇರುವುದು ಕೋಷ್ಟಕಗಳಿಗೆ, ಸ್ಥಿರಾಂಕಗಳಿಗೆ, ವಿರಳವಾಗಿ ಬೇಕಾಗುವ ಸೂತ್ರಗಳಿಗೆ. ಯಾವ ಪುಟದಲ್ಲಿ ಏನಿದೆ ಎಂಬ ಸ್ವಂತ ಸೂಚಿಯೊಂದನ್ನು ಮಾಡಿಕೊಂಡು, ಅಣಕು ಪರೀಕ್ಷೆಗಳನ್ನೂ ಅದೇ ಪುಸ್ತಕ, ಅದೇ ಕ್ಯಾಲ್ಕುಲೇಟರ್ ಇಟ್ಟುಕೊಂಡೇ ಬರೆಯಿರಿ. ಏನನ್ನು ಒಳಗೆ ಬಿಡುತ್ತಾರೆ ಎಂಬ ನಿಯಮವನ್ನು ನಿಮ್ಮ ಪರೀಕ್ಷೆಯ ಕೈಪಿಡಿಯಲ್ಲಿಯೇ ನೋಡಿಕೊಳ್ಳಿ, ಸ್ನೇಹಿತರ ಮಾತಿನ ಮೇಲೆ ಹೋಗಬೇಡಿ. ಪೂರ್ತಿ ಅವಧಿಯ ಅಣಕು ಪರೀಕ್ಷೆಯನ್ನು ಕನಿಷ್ಠ ಎರಡಾದರೂ ಎದ್ದೇಳದೆ ಬರೆಯಿರಿ. ನಾಲ್ಕನೆಯ ಗಂಟೆಯಲ್ಲಿ ತಲೆ ಹೇಗೆ ಕೆಲಸ ಮಾಡುತ್ತದೆ ಎನ್ನುವುದು ಅರ್ಧ ಗಂಟೆಯ ಕ್ವಿಜ್‌ನಿಂದ ತಿಳಿಯುವುದಿಲ್ಲ.

ಪಾಸಾದ ದಿನವೇ ಒಂದು ಫೈಲು ತೆರೆಯಿರಿ. ಎಎಸ್‌ಕ್ಯೂನ ಹೆಚ್ಚಿನ ಪ್ರಮಾಣೀಕರಣಗಳ ಅವಧಿ ಮೂರು ವರ್ಷ. ಅಷ್ಟರೊಳಗೆ 18 ಮರುಪ್ರಮಾಣೀಕರಣ ಅಂಕ ಕೂಡಿಸಬೇಕು, ಇಲ್ಲವೇ ಮತ್ತೆ ಪರೀಕ್ಷೆ ಬರೆಯಬೇಕು. ಕೆಲಸದಲ್ಲಿ ಮುಂದುವರಿದದ್ದಕ್ಕೆ, ಕಲಿತದ್ದಕ್ಕೆ, ಕಲಿಸಿದ್ದಕ್ಕೆ, ಸಭೆಗಳಲ್ಲಿ ಭಾಗವಹಿಸಿದ್ದಕ್ಕೆ ಅಂಕ ಸಿಗುತ್ತದೆ, ದಾಖಲೆ ಇದ್ದರೆ ಮಾತ್ರ. ಹಾಜರಾತಿಯ ಪತ್ರ, ಪಾಠ ಮಾಡಿದ ದಿನದ ವೇಳಾಪಟ್ಟಿ, ಮೇಲಧಿಕಾರಿಯ ಒಂದು ಸಾಲಿನ ಪತ್ರ, ಎಲ್ಲವನ್ನೂ ಆಯಾ ದಿನವೇ ಆ ಫೈಲಿಗೆ ಸೇರಿಸುತ್ತ ಹೋಗಿ. ಮೂರನೆಯ ವರ್ಷದ ಕೊನೆಯಲ್ಲಿ ಯಾರೋ ನಿಮ್ಮನ್ನೂ "ತೋರಿಸಿ" ಎನ್ನುತ್ತಾರೆ.